ಹತ್ತೊಂಬತ್ತು ಗಂಟೆ ಎಂದು ಹೇಳಿದವನು ನಾನು

ನನ್ನ ತಮ್ಮನ ಬಲಗೈ ಮಣಿಕಟ್ಟು ಮುರಿದವನು ನಾನು. ಗುಂಡಿಗೆ ಬಿದ್ದು ಮುರಿಯಿತು ಎಂದು ಆಸ್ಪತ್ರೆಯ ಚೀಟಿಯಲ್ಲಿದೆ. ಅವನೇ ಹಾಗೆ ಹೇಳಿ ಬರೆಸಿದ. ನಾನು ಪಕ್ಕದಲ್ಲೇ ನಿಂತಿದ್ದೆ, ಅಲ್ಲ ಅನ್ನಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಹಿರಿಯೂರಿನಿಂದ ಹೊಸದುರ್ಗ, ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋಗುವ ಖಾಸಗಿ ಬಸ್ಸು ಓಡಿಸುತ್ತೇನೆ, ಇಪ್ಪತ್ತೆರಡು ವರ್ಷವಾಯಿತು. ಓದಿನಲ್ಲಿ ಸಿಗದ ಮರ್ಯಾದೆ ನನಗೆ ಸ್ಟೇರಿಂಗ್ ಹಿಂದೆ ಸಿಕ್ಕಿತು. ಹೊಸದುರ್ಗ ಬಿಟ್ಟರೆ ಹೊಳಲ್ಕೆರೆಗೆ ಇಷ್ಟು ಹೊತ್ತು, ಅಲ್ಲಿಂದ ದುರ್ಗಕ್ಕೆ ಇಷ್ಟು ಹೊತ್ತು ಎಂದರೆ ಅಷ್ಟೇ. ರಸ್ತೆಗೆ ಕುರಿಮಂದೆ ಅಡ್ಡ ಬಂದರೂ, ಸಂತೆಯ ದಿನ ಜನ ಬಾಗಿಲಿಗೆ ಜೋತುಬಿದ್ದರೂ, ಹೇಳಿದ ಹೊತ್ತಿಗೆ ಮುಟ್ಟಿಸುತ್ತಿದ್ದೆ. ಹಿರೇಗುಂಟನೂರಿನ ಕಡೆಯ ನಮ್ಮ ಊರಲ್ಲಿ ಯಾರು ಎಲ್ಲಿಗೆ ಹೊರಟರೂ ಮೊದಲು ನನ್ನನ್ನು ಕೇಳುತ್ತಿದ್ದರು: "ಎಷ್ಟೊತ್ತಾಗುತ್ತಪ್ಪ?" ನಾನು ಹೇಳಿದ್ದು ತಪ್ಪಾಗುತ್ತಿರಲಿಲ್ಲ. ತಪ್ಪಾದರೂ ತಪ್ಪು ಅಂತ ಒಪ್ಪಿಕೊಂಡ ನೆನಪಿಲ್ಲ.

ನಮ್ಮ ಮನೆಯಲ್ಲಿ ಮಾತಿಗಿಂತ ಕೈ ಮುಂದು. ಅಪ್ಪ ಎತ್ತಿಗೆ ಹೊಡೆದಷ್ಟೇ ಸಲೀಸಾಗಿ ನನ್ನ ಬೆನ್ನಿಗೆ ಬಾರುಕೋಲು ಬೀಸುತ್ತಿದ್ದ. ಅಪ್ಪ ಸತ್ತಾಗ ನನಗೆ ಹತ್ತೊಂಬತ್ತು, ತಮ್ಮನಿಗೆ ಏಳು. ಬಾರುಕೋಲು ನನ್ನ ಕೈಗೆ ಬಂತು. ಮಗ್ಗಿ ತಪ್ಪಿದರೆ ಹೊಡೆದೆ, ಎದುರು ಮಾತಾಡಿದರೆ ಹೊಡೆದೆ. ಒಂದು ಸಲ ಬಚ್ಚಲ ಕಲ್ಲಿಗೆ ತಲೆ ತಾಗಿ ಅವನ ಹುಬ್ಬು ಸೀಳಿತು. ಅವ್ವ ಅರಿಶಿನ ಮೆತ್ತುತ್ತಾ ನನ್ನ ಕಡೆ ನೋಡಿದಳು. ಅವನು ಓದಿ ಮುಂದೆ ಬಂದಾಗ, ನನ್ನ ಏಟಿನಿಂದಲೇ ಬಂದ ಅಂತ ಬಸ್‌ಸ್ಟಾಂಡಿನಲ್ಲಿ ಹೇಳಿಕೊಂಡು ತಿರುಗಿದೆ.

ಅವನು ಐಟಿಐ ಮುಗಿಸಿ, ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲಿ ಕೆಲಸಕ್ಕೆ ಸೇರಿದ. ನಾವೆಲ್ಲ ಅದಕ್ಕೆ ಫ್ಯಾನು ಅಂತೀವಿ. ಕಂಬದ ಒಳಗಿನ ಏಣಿ ಹತ್ತಿ, ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬೋಲ್ಟು ಬಿಗಿಯುವ ಕೆಲಸ. ಕೈಬಲವೇ ಅವನ ಅನ್ನ. ಆರು ವರ್ಷ ಇಲ್ಲಿ ಹತ್ತಿ ಇಳಿದ ಮೇಲೆ ಕಂಪನಿಯವರು ಅವನನ್ನು ಚಿಲಿ ದೇಶಕ್ಕೆ ಕಳಿಸಿದರು. ಅವ್ವ ಕೇಳಿದಳು, "ಅದು ಎಷ್ಟು ದೂರ ಐತೆ?" ಅವನು ನಕ್ಕ. "ಭೂಮಿಗೆ ಇಲ್ಲಿಂದ ದಬ್ಬಣ ಚುಚ್ಚಿದ್ರೆ ಆ ಕಡೆ ಅಲ್ಲೇ ಎಲ್ಲೋ ಬರುತ್ತವ್ವ." ಅವ್ವ ಅಂದಳು, "ಹಂಗಾದ್ರೆ ನಾನು ಸತ್ರೆ ಮುಖ ನೋಡಾಕೆ ಹೆಂಗ್ ಬರ್ತೀಯೋ?" ಅವನು ಅವ್ವನ ಕೈ ಹಿಡಿದು ಹೇಳಿದ, "ಎಲ್ಲಿದ್ರೂ ಬರ್ತೀನಿ. ನಾ ಬರೋವರೆಗೂ ಅಣ್ಣ ಕಾಯ್ತಾನೆ."

ಒಂದು ಸೋಮವಾರ ಬೆಳಿಗ್ಗೆ ಅವ್ವ ರೊಟ್ಟಿ ತಟ್ಟುತ್ತಾ ಒಲೆ ಮುಂದೆಯೇ ಕುಸಿದಳು. ಹೊಳಲ್ಕೆರೆ ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಜೀವ ಇರಲಿಲ್ಲ. ತಮ್ಮನಿಗೆ ಫೋನು ಮಾಡಿದೆ. ಆ ಕಡೆಯಿಂದ "ಅಣ್ಣ, ಈಗ್ಲೇ ಹೊರಡ್ತೀನಿ. ಅವ್ವನ ಮುಖ ನೋಡ್ದೆ ಮಣ್ಣು ಮಾಡಬ್ಯಾಡ. ಕಾಲಿಗೆ ಬೀಳ್ತೀನಿ" ಅಂದ. ಮಧ್ಯಾಹ್ನ ಟಿಕೆಟ್ಟಿನ ಫೋಟೋ ಕಳಿಸಿದ. ನಮ್ಮ ಸಂಜೆ ಆರಕ್ಕೆ ಅಲ್ಲಿಂದ ವಿಮಾನ ಏಳುತ್ತದೆ ಎಂದ. ಟಿಕೆಟ್ಟು ಪೂರ್ತಿ ಇಂಗ್ಲಿಷು. ಅದನ್ನು ಯಾರಿಗಾದರೂ ಕೊಟ್ಟು ಓದಿಸಬಹುದಿತ್ತು. ಓದಿಸಲಿಲ್ಲ. ಊರಿಗೆಲ್ಲ ಹೊತ್ತು ಹೇಳುವವನು, ನನ್ನ ತಮ್ಮ ಎಷ್ಟು ಹೊತ್ತಿಗೆ ಬರುತ್ತಾನೆ ಅಂತ ಇನ್ನೊಬ್ಬರನ್ನು ಕೇಳುವುದೇ?

ಹಿತ್ತಲಿಗೆ ಹೋಗಿ ಫೋನಿಗೆ ಬಾಯಲ್ಲೇ ಕೇಳಿದೆ. ಅಲ್ಲಿನ ಸ್ಯಾಂಟಿಯಾಗೊ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹದಿನಾರು ಸಾವಿರ ಕಿಲೋಮೀಟರು, ಹಾರಾಟಕ್ಕೆ ಹತ್ತೊಂಬತ್ತು ಗಂಟೆ ಎಂದು ತೋರಿಸಿತು. ದೂರ ಗೊತ್ತಾದ ಮೇಲೆ ಹೊತ್ತು ಗೊತ್ತಾದಂತೆಯೇ. ಸೋಮವಾರ ಸಂಜೆ ಆರಕ್ಕೆ ಹತ್ತೊಂಬತ್ತು ಕೂಡಿಸಿದರೆ ಮಂಗಳವಾರ ಮಧ್ಯಾಹ್ನ ಒಂದು. ಬೆಂಗಳೂರಿಂದ ಊರಿಗೆ ಕಾರಲ್ಲಿ ನಾಲ್ಕು ಗಂಟೆ. ಅಂಗಳಕ್ಕೆ ಬಂದು ಎಲ್ಲರ ಮುಂದೆ ಹೇಳಿದೆ: "ಮಂಗಳವಾರ ಸಂಜೆ ಐದಕ್ಕೆ ನನ್ನ ತಮ್ಮ ಈ ಬಾಗಿಲಲ್ಲಿರ್ತಾನೆ."

ಅವ್ವನ ತವರು ಹೊಸದುರ್ಗದ ಹತ್ತಿರ. ನಮ್ಮಲ್ಲಿ ಹೆಣ್ಣುಮಗಳು ಸತ್ತರೆ ತವರಿನವರು ಬಂದು ಸೀರೆ ಹೊದಿಸಬೇಕು, ಅವರು ಹೂಂ ಅಂದ ಮೇಲೇ ಎತ್ತಬೇಕು. ಸೋದರಮಾವ ಸೀರೆ ತಂದ. ಜೊತೆಯಲ್ಲಿ ಮಗಳೂ ಬಂದಿದ್ದಳು. ಹೊಸದುರ್ಗದ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು, ನನ್ನನ್ನು ಭಾವ ಅನ್ನುತ್ತಿದ್ದಳು. ಮಾವನಿಗೂ ನನಗೂ ಮೊದಲಿಂದ ಅಷ್ಟಕ್ಕಷ್ಟೆ. ಆದರೂ ಅವತ್ತು ಅವನೇ ಅಂದ, "ಸಣ್ಣೋನು ಬರ್ಲಿ. ನಮ್ಮಕ್ಕ ಅವನ ದಾರಿ ನೋಡ್ಕಂಡು ಮಲಗವ್ಳೆ. ಐದಲ್ಲ, ನಾಳಿದ್ದಾದ್ರೂ ಕಾಯಾಣ." ಬಾಡಿಗೆಗೆ ತಂದ ತಣ್ಣನೆಯ ಗಾಜಿನ ಪೆಟ್ಟಿಗೆಯಲ್ಲಿ ಅವ್ವನನ್ನು ಮಲಗಿಸಿದೆವು.

ಮಂಗಳವಾರ ಹನ್ನೆರಡರ ಹೊತ್ತಿಗೆ ಮಾವನ ಮಗಳು ಹಿತ್ತಲ ನೀರಿನ ತೊಟ್ಟಿಯ ಹತ್ತಿರ ನನ್ನನ್ನು ಕರೆದಳು. "ಭಾವ, ಟಿಕೆಟ್ ಫೋಟೋ ಐತಂತಲ್ಲ, ಕೊಡಿ ನೋಡಾಣ." ಫೋನು ಕೊಟ್ಟೆ. ಓದಿದಳು. ಮತ್ತೆ ಓದಿದಳು.

"ಭಾವ, ಇವತ್ತಲ್ಲ. ಬುಧವಾರ ಬೆಳಗಿನ ಜಾವ ನಾಲ್ಕಕ್ಕೆ ಬೆಂಗಳೂರು."

"ಹತ್ತೊಂಬತ್ತು ಗಂಟೆ ಅಂತ ಫೋನೇ ಹೇಳೈತೆ."

"ಅದು ಗೆರೆ ಎಳೆದು ಅಳೆದ ಲೆಕ್ಕ ಭಾವ. ಹಂಗೆ ನೆಟ್ಟಗೆ ಬರೋ ವಿಮಾನಾನೇ ಇಲ್ಲ. ಎರಡು ಕಡೆ ಇಳೀಬೇಕು, ಗಂಟೆಗಟ್ಟಲೆ ಕೂರಬೇಕು, ಬೇರೆ ವಿಮಾನ ಹತ್ತಬೇಕು. ನಿಮ್ ಬಸ್ಸು ಹೊಳಲ್ಕೆರೆ ಸುತ್ತಿ ಹೋಗಲ್ವಾ?"

ಆಗಲೇ ಅರ್ಥವಾಯಿತು. ಬಸ್ಸು ಓಡಿಸುವವನಿಗೆ ಅರ್ಥವಾಗದ ಮಾತೇ ಅದು? ಊರು ಸುತ್ತಿ ಹೋಗುವ ದಾರಿಯಲ್ಲೇ ನನ್ನ ಆಯಸ್ಸು ಕಳೆದಿದೆ. ಅಂಗಳಕ್ಕೆ ಹೋಗಿ, "ನಂದು ತಪ್ಪಾಯ್ತು, ನಾಳೆ ಬೆಳಿಗ್ಗೆ ಬರ್ತಾನೆ" ಅಂದಿದ್ದರೆ ಮುಗಿಯುತ್ತಿತ್ತು. ಮಾವ ಒಂದು ಕುಹಕ ಆಡುತ್ತಿದ್ದ, ನಾಲ್ಕು ಜನ ನಗುತ್ತಿದ್ದರು, ಕಾಯುತ್ತಿದ್ದರು. ನಾನು ಮಾಡಿದ್ದು ಬೇರೆ. ಅವಳ ಮುಂಗೈ ಹಿಡಿದು ಗೋಡೆಗೆ ಒತ್ತಿದೆ. ಗಾಜಿನ ಬಳೆ ಒಡೆದು ನನ್ನ ಅಂಗೈಗೇ ಚುಚ್ಚಿತು. "ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ" ಅಂದೆ. ಅವಳು ನೋವಿಗೆ ಕಣ್ಣು ಮುಚ್ಚಿದಳು, ಕೂಗಲಿಲ್ಲ.

ಅವಳನ್ನು ಬಿಟ್ಟು ಮುಂದಕ್ಕೆ ಬಂದೆ. ಸ್ವಲ್ಪ ಹೊತ್ತಿಗೆ ಜೇಬಿನಲ್ಲಿ ಫೋನು ಅದುರಿತು. ತಮ್ಮನ ಕರೆ. ಸುತ್ತ ಜನ. ಎತ್ತಿದರೆ ಅವನು ಯಾವ ದೇಶದಲ್ಲಿ ಕೂತಿದ್ದಾನೆ ಅನ್ನುವುದು ಬಯಲಾಗುತ್ತದೆ. ಅದು ತಾನಾಗಿ ನಿಲ್ಲುವವರೆಗೂ ಜೇಬಿನ ಮೇಲೆ ಕೈ ಒತ್ತಿಕೊಂಡು ನಿಂತೆ.

ಐದಾಯಿತು. ಐದೂವರೆಯಾಯಿತು. ಜನ ರಸ್ತೆ ನೋಡಿ, ನನ್ನ ಮುಖ ನೋಡಿ, ಮತ್ತೆ ರಸ್ತೆ ನೋಡುತ್ತಿದ್ದರು. ಮಾವ ಬೀಡಿ ಆರಿಸಿ ಎದ್ದ.

"ಏನಪ್ಪ ಡ್ರೈವರು, ನಿನ್ ತಮ್ಮನ ವಿಮಾನ ಆದಿವಾಲದ ಹತ್ರ ಪಂಚರ್ ಆಗೈತೋ?"

ಯಾರೋ ನಕ್ಕರು. ಹೆಣದ ಮುಂದೆ ನಕ್ಕದ್ದಕ್ಕೆ ನಾಚಿ ಕೆಮ್ಮಿದರು. ಆ ಕೆಮ್ಮು ನನ್ನ ತಲೆಗೆ ಏರಿತು. ನಾನು ಹೇಳಿದೆ: "ಅವನು ಬರಲ್ಲ. ವಿಮಾನ ತಪ್ಪಿಸ್ಕಂಡ. ಈಗ ಫೋನ್ ಮಾಡಿದ್ದ. ಕಾಯಬ್ಯಾಡಿ, ಎತ್ತಿ ಅಂದ."

ಇಷ್ಟು ದೊಡ್ಡ ಸುಳ್ಳು ಇಷ್ಟು ಸಲೀಸಾಗಿ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಹೆಂಗಸರ ಗುಂಪಿನಿಂದ ಮಾವನ ಮಗಳು ಎದ್ದು ನಿಂತಳು.

"ಸುಳ್ಳು! ನಾಳೆ ಬೆಳಿಗ್ಗೆ ಬರ್ತಾರೆ. ಟಿಕೆಟ್ ನಾನೇ ಓದೀನಿ. ಭಾವಂಗೂ ಹೇಳೀನಿ."

ನಾನು ಮೂರು ಹೆಜ್ಜೆಯಲ್ಲಿ ಅವಳನ್ನು ಮುಟ್ಟಿ ಕಪಾಳಕ್ಕೆ ಹೊಡೆದೆ. ಅವಳು ಗಾಜಿನ ಪೆಟ್ಟಿಗೆಯ ಮೇಲೆ ಬಿದ್ದಳು. ಒಳಗೆ ಅವ್ವನ ತಲೆ ಅಲುಗಿತು. ಮಾವ, "ಲೇ, ನನ್ ಮಗಳ ಮೇಲೆ ಕೈ ಮಾಡ್ತೀಯಾ ನಾಯಿ!" ಅಂತ ನನ್ನ ಕುತ್ತಿಗೆಗೆ ಬಿದ್ದ. ಇಬ್ಬರೂ ಉರುಳಿದೆವು. ಚಟ್ಟಕ್ಕೆಂದು ತಂದಿದ್ದ ಬಿದಿರುಗಳು ಬೆನ್ನಿಗೆ ಸಿಕ್ಕವು. ಅವನು ನನ್ನ ಕಿವಿ ಕಚ್ಚಿದ. ನಾನು ಬಿದಿರು ಎಳೆದು ಅವನ ತಲೆಗೆ ಬಾರಿಸಿದೆ. ಒಂದಲ್ಲ, ಎರಡು ಸಲ. ಎರಡನೆಯದು ಬೇಕಿರಲಿಲ್ಲ. ಮೊದಲನೆಯದಕ್ಕೇ ಅವನ ಕೈ ಸಡಿಲವಾಗಿತ್ತು. ರಕ್ತ ಅವನ ಹಣೆಯಿಂದ ಬಿಳಿ ಅಂಗಿಗೆ, ಅಂಗಿಯಿಂದ ಅವ್ವನಿಗೆಂದು ತಂದ ಹೂವಿನ ಬುಟ್ಟಿಗೆ ಇಳಿಯಿತು.

ತವರಿನವರು ಮಾವನನ್ನು ಹೊತ್ತು ಹೊಳಲ್ಕೆರೆಗೆ ಗಾಡಿ ಓಡಿಸಿದರು. ಮಗಳೂ ಹೋದಳು. ಬೇಡ ಅನ್ನುವ ಹಕ್ಕಿದ್ದವರು ಯಾರೂ ಅಲ್ಲಿ ಉಳಿಯಲಿಲ್ಲ. ಹುಡುಗಿಯ ಮಾತು ಕೇಳಿಸಿಕೊಂಡವರು ಇದ್ದರು. ಆದರೆ ಬಿದಿರು ಇನ್ನೂ ನನ್ನ ಕೈಯಲ್ಲೇ ಇತ್ತು. "ಹೊತ್ತು ಮುಳುಗ್ತೈತೆ, ಎತ್ರಿ" ಅಂದೆ. ಎತ್ತಿದರು. ಹೊಲದ ಬದುವಿನಲ್ಲಿ, ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದೆವು. ಕೊನೆಗೆ ಮುಖದ ಬಟ್ಟೆ ಸರಿಸಿ ಎಲ್ಲರೂ ನೋಡಿದರು. ನಾನು ಅವ್ವನ ಮುಖ ನೋಡಲಿಲ್ಲ, ಪಕ್ಕದಲ್ಲಿ ಕೂಡಿಸಿದ್ದ ಮಣ್ಣು ನೋಡುತ್ತಿದ್ದೆ.

ಬುಧವಾರ ಬೆಳಿಗ್ಗೆ ಎಂಟೂವರೆಗೆ ಕಾರು ಬಂತು. ತಮ್ಮ ಇಳಿದ. ಶಾಮಿಯಾನ ಬಿಚ್ಚಿತ್ತು, ಅಂಗಳ ಸಾರಿಸಿತ್ತು. ಅವನು ಒಳಗೂ ಹೋಗಲಿಲ್ಲ.

"ಅವ್ವ ಎಲ್ಲಿ?"

ನನ್ನ ಹೆಂಡತಿ ಗೋಡೆಗೆ ತಲೆ ಚಚ್ಚಿಕೊಂಡು ಅಳತೊಡಗಿದಳು. ಅಷ್ಟಕ್ಕೆ ಅವನಿಗೆ ಗೊತ್ತಾಯಿತು. ಹೊಲದ ಕಡೆ ಓಡಿದ. ನಾನು ಹಿಂದೆ ಹೋಗುವಷ್ಟರಲ್ಲಿ ಗುಡ್ಡೆಯ ಮೇಲೆ ಬಿದ್ದು ಎರಡೂ ಕೈಯಿಂದ ಮಣ್ಣು ತೆಗೆಯುತ್ತಿದ್ದ. ತಲೆದೆಸೆಯ ಕಡೆಯೇ ತೆಗೆಯುತ್ತಿದ್ದ. ಹೂವಿನ ಹಾರ, ಊದುಬತ್ತಿ ಕಡ್ಡಿ, ಕಲ್ಲು ಎಲ್ಲ ಕಾಲ ಕೆಳಗೆ ಚೆಲ್ಲಾಡಿದವು.

"ಲೇ, ಬಿಡೋ. ಮಣ್ಣು ಮಾಡಿದ ಮೇಲೆ ತೆಗೀಬಾರ್ದು ಕಣೋ."

"ಮುಖ ಅಷ್ಟೇ ಅಣ್ಣ. ಮುಖ ಅಷ್ಟೇ ನೋಡಿ ಮುಚ್ತೀನಿ."

ಬೇಲಿ ಆಚೆ ಜನ ಸೇರುತ್ತಿದ್ದರು. ನಾನು ಅವನ ಕಾಲರು ಹಿಡಿದು ಎಳೆದೆ. ಅವನು ತಿರುಗಿ ನನ್ನ ಎದೆಗೆ ಒದ್ದ. ಹುಟ್ಟಿದಾಗಿನಿಂದ ಅವನು ನನ್ನ ಮೇಲೆ ಎತ್ತಿದ ಮೊದಲ ಕಾಲು ಅದು. ನಾನು ಹಿಂದಕ್ಕೆ ಬಿದ್ದೆ. ಕೈಗೆ ಸಿಕ್ಕಿದ್ದು ಗುಂಡಿ ತೋಡಿದವರು ಬಿಟ್ಟು ಹೋಗಿದ್ದ ಹಾರೆ. ಅವನು ಮತ್ತೆ ಬಗ್ಗಿ ಮಣ್ಣಿಗೆ ಕೈ ಹಾಕಿದ್ದ. ಆ ಕೈ ಮೇಲೆಯೇ ಹೊಡೆದೆ.

ಒಣಗಿದ ತೊಗರಿ ಕಡ್ಡಿ ಮುರಿದ ಸದ್ದು. ಅವನು ಬೇರೆ ದಿಕ್ಕಿಗೆ ತಿರುಗಿಕೊಂಡಿದ್ದ ತನ್ನ ಕೈಯನ್ನು ನೋಡಿದ. ಆಮೇಲೆ ಎಡಗೈಯಿಂದ ಮಣ್ಣು ತೆಗೆಯತೊಡಗಿದ. ನಾಲ್ಕು ಜನ ಬೇಲಿ ಹಾರಿ ಬಂದು ಅವನನ್ನು ಹೊತ್ತುಕೊಂಡು ಹೋದರು. ಬಾಯಲ್ಲಿ ಮಣ್ಣು ತುಂಬಿತ್ತು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಅಂತ ಕೇಳಿದರು. ಅವನು ನನ್ನ ಕಡೆ ನೋಡಿ, "ಕಾಲು ಜಾರಿ ಗುಂಡಿಗೆ ಬಿದ್ದೆ ಸಾರ್" ಅಂದ. ನಾನು ಜೈಲಿಗೆ ಹೋಗದ ಹಾಗೆ ಮಾಡಿದ. ಅವರು ಎಕ್ಸ್‌ರೇಗೆ ಕರೆದುಕೊಂಡು ಹೋಗುವ ಮುಂಚೆ ಕೇಳಿದ, "ಯಾಕಣ್ಣ ಕಾಯಲಿಲ್ಲ? ಫೋನೂ ಎತ್ತಲಿಲ್ಲ." ನನ್ನನ್ನು ಉಳಿಸಿದವನಿಗೆ ನಾನು ಕೊಟ್ಟ ಉತ್ತರ ಇದು: "ಮಾವ ಬಿಡಲಿಲ್ಲ ಕಣೋ. ತವರಿನೋರು ಎತ್ತಿ ಎತ್ತಿ ಅಂತ ಗಲಾಟೆ ಮಾಡಿದ್ರು. ನಾನು ಬಡಿದಾಡಿದೆ, ನನ್ ಕಿವಿ ನೋಡು. ಫೋನು ಗದ್ದಲದಾಗೆ ಎಲ್ಲೋ ಬಿದ್ದಿತ್ತು." ಅವನು ನನ್ನ ಕಿವಿಯ ಗಾಯ ಮುಟ್ಟಿ ನೋಡಿ ಅತ್ತ.

ಮಣಿಕಟ್ಟಿಗೆ ಪ್ಲೇಟು ಹಾಕಿದರು. ಮೂಳೆ ಕೂಡಿತು, ಹಿಡಿತ ಕೂಡಲಿಲ್ಲ. ತುಂಬಿದ ಚೊಂಬು ಎತ್ತಿದರೆ ನಡುಗುತ್ತದೆ. ಏಣಿ ಹತ್ತುವ ಹಾಗಿಲ್ಲ ಅಂತ ಕಂಪನಿಯವರು ಅವನನ್ನು ದುರ್ಗದ ಗೋದಾಮಿನಲ್ಲಿ ಸ್ಪ್ಯಾನರು, ಹಗ್ಗ ಕೊಟ್ಟು ತೆಗೆದುಕೊಳ್ಳುವ ಕೆಲಸಕ್ಕೆ ಹಾಕಿದರು. ಮಾವನ ಮನೆಯವರ ನಂಬರನ್ನೆಲ್ಲ ಅವನು ಫೋನಿನಿಂದ ತೆಗೆದುಹಾಕಿದ. ಹೊಸದುರ್ಗದ ಹೆಸರೆತ್ತಿದರೆ ಉಗುಳುತ್ತಿದ್ದ. ಅವತ್ತು ಅಂಗಳದಲ್ಲಿದ್ದವರು ನನ್ನ ಕೈಗೆ ಹೆದರಿ ಅವನ ಮುಂದೆ ಬಾಯಿ ಬಿಡಲಿಲ್ಲ. ಎರಡು ವರ್ಷ ನಾನು ಅದನ್ನು ನೋಡುತ್ತಾ ಬಸ್ಸು ಓಡಿಸಿದೆ.

ಕಳೆದ ತಿಂಗಳು ಹೊಸದುರ್ಗ ಬಸ್‌ಸ್ಟಾಂಡಿನಲ್ಲಿ ಮಾವ ನನ್ನ ಬಾಗಿಲ ಕೆಳಗೆ ಬಂದು ನಿಂತ. ಹಣೆಯ ಮೇಲೆ ಕೂದಲು ಬಾರದ ಗೆರೆ. ಕಿಟಕಿಯೊಳಗೆ ಒಂದು ಲಗ್ನಪತ್ರಿಕೆ ಚಾಚಿದ.

"ಮಗಳ ಮದುವೆ. ನೀನು ಬರ್ಬೇಕು ಅಂತಲ್ಲ. ಸಣ್ಣೋನಿಗೆ ಕೊಡು. ದುರ್ಗದಾಗೆ ಎದುರಿಗೆ ಸಿಕ್ಕಿದ್ದ, ಮುಖ ತಿರುವಿಕೊಂಡು ಹೋದ. ನಮ್ಮಕ್ಕನ ಮಗ. ಅವನಿಗೆ ನಾನೇನು ಮಾಡೀನಪ್ಪ?"

ಕಂಡಕ್ಟರ್ ಸೀಟಿ ಊದಿದ. ನನಗೆ ಗೇರ್ ಹಾಕಲು ಕೈ ಬರಲಿಲ್ಲ. ಹಿಂದಿನ ಸೀಟಿನವರು, "ರೈಟ್ ಆತಲ್ಲಪ್ಪ, ಎಷ್ಟೊತ್ತು?" ಅಂತ ಕೂಗುತ್ತಿದ್ದರು.

ಅವತ್ತೇ ಮಧ್ಯಾಹ್ನ ತಮ್ಮನ ಗೋದಾಮಿಗೆ ಹೋದೆ. ಊಟದ ಹೊತ್ತು. ಎಡಗೈಯಲ್ಲಿ ಉಣ್ಣುತ್ತಿದ್ದ. ಪತ್ರಿಕೆ ಮುಂದಿಟ್ಟೆ. "ಆ ನನ್ಮಗನ ಮನೇದು ನನಗ್ಯಾಕೆ ತಂದೆ?" ಅಂದ. ನಾನು ಹೇಳಿದೆ. ಹತ್ತೊಂಬತ್ತು ಗಂಟೆಯ ಲೆಕ್ಕ ಹೇಳಿದೆ, ಮಾವನ ಮಗಳು ಟಿಕೆಟ್ಟು ಓದಿ ತಿಳಿಸಿದ್ದು ಹೇಳಿದೆ, ವಿಮಾನ ತಪ್ಪಿಸಿಕೊಂಡ ಅಂದದ್ದು ಹೇಳಿದೆ.

"ಯಾವಾಗ ಗೊತ್ತಾತು ನಿನಗೆ? ಎಷ್ಟು ಗಂಟೆಗೆ?"

"ಮಂಗಳವಾರ ಹನ್ನೆರಡಕ್ಕೆ."

ಅವನ ತುತ್ತು ನಿಂತಿತು. "ನಾನು ಫೋನ್ ಮಾಡಿದ್ದು ಅದಾದ ಮೇಲೆ."

"ಹೂಂ. ಫೋನು ಬಿದ್ದಿರಲಿಲ್ಲ. ಜೇಬಲ್ಲೇ ಇತ್ತು."

"ಮೊದಲನೇ ವಿಮಾನ ಇಳಿದು ಕೂತಿದ್ದೆ ಅಣ್ಣ. ಫೋನಲ್ಲಿ ಮುಖ ತೋರ್ಸು ಅನ್ನಾಕೆ ಮಾಡಿದ್ದೆ. ನೀನು ಎತ್ತಲಿಲ್ಲ. ಹತ್ತೋ ಹೊತ್ತಾಗಿತ್ತು. ಅಣ್ಣ ಇದಾನೆ, ನೋಡ್ಕಂತಾನೆ ಅಂತ ಹತ್ತಿದೆ."

ಆಮೇಲೆ ಅವನು ಹೊಡೆದ. ಮೊದಲು ಊಟದ ಡಬ್ಬಿಯಿಂದ. ಅನ್ನ ಸಾರು ನನ್ನ ಮುಖದ ಮೇಲೆಲ್ಲ ಬಿತ್ತು. ನಂತರ ಎಡ ಮುಷ್ಟಿಯಿಂದ, ಬಾಯಿಗೆ. ನಂತರ ಬಲಗೈ ಎತ್ತಿದ. ಅದು ಮುಷ್ಟಿಯಾಗಲಿಲ್ಲ. ಅರ್ಧ ಮಡಚಿದ ಬೆರಳುಗಳಿಂದ ನನ್ನ ಕೆನ್ನೆಗೆ ಹೊಡೆದ, ನೋವಿಗೆ ಅವನೇ ಅತ್ತ, ಮತ್ತೆ ಅದರಿಂದಲೇ ಹೊಡೆದ. ನಾನು ಕೈ ಅಡ್ಡ ತರಲಿಲ್ಲ. ಇನ್ನೊಬ್ಬ ಕೆಲಸದವನು ಓಡಿ ಬಂದಾಗ, "ಮನೆ ವಿಷ್ಯ, ನೀ ಹೋಗು" ಅಂದ. ಸುಸ್ತಾಗುವವರೆಗೂ ಹೊಡೆದು, ನಲ್ಲಿಯಲ್ಲಿ ಕೈ ತೊಳೆದು, ಪತ್ರಿಕೆಯನ್ನು ಅಂಗಿಗೆ ಒರೆಸಿ ಜೇಬಿಗಿಟ್ಟ.

"ನಡಿ. ಹೊಸದುರ್ಗಕ್ಕೆ."

"ಈಗಲೇ?"

"ಈಗಲೇ. ನನಗೆ ಹೇಳಿದ್ದನ್ನ ಅಲ್ಲಿ ಹೇಳು. ಮಾವನ ಮುಂದೆ, ಅವಳ ಮುಂದೆ."

ಬೇರೊಬ್ಬರ ಬಸ್ಸಿನಲ್ಲಿ, ಪ್ರಯಾಣಿಕನಾಗಿ ಹೋದೆ. ದಾರಿ ಉದ್ದಕ್ಕೂ ಅವನು ಕಿಟಕಿ ಕಡೆ ತಿರುಗಿದ್ದ. ನನ್ನ ತುಟಿ ಊದಿ ಮೂಗಿಗೆ ಮುಟ್ಟುತ್ತಿತ್ತು. ಮಾವನ ಮನೆಯ ಅಂಗಳದಲ್ಲಿ ಹೆಂಗಸರು ಮದುವೆಗೆ ಅಕ್ಕಿ ಹಸನು ಮಾಡುತ್ತಿದ್ದರು. ಮಾವ ತಮ್ಮನನ್ನು ನೋಡಿ ಎದ್ದು, "ಬಾರೋ, ಬಾ" ಅಂತ ಎರಡು ಹೆಜ್ಜೆ ಬಂದ. ಹಿಂದೆ ನನ್ನನ್ನು ಕಂಡು ನಿಂತ. ಕುಂತ್ಕ ಅನ್ನಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಫೋನಿನ ಲೆಕ್ಕ, ಟಿಕೆಟ್ಟು, ಎತ್ತದ ಕರೆ, ಅಂಗಳದಲ್ಲಿ ಆಡಿದ ಸುಳ್ಳು, ಬಿದಿರು, ಹಾರೆ, ಆಸ್ಪತ್ರೆಯಲ್ಲಿ ಮಾವನ ತಲೆಗೆ ಕಟ್ಟಿದ ಅಪವಾದ. ಮೊರಗಳು ನಿಂತುಬಿಟ್ಟವು. ಎಲ್ಲ ಮುಗಿಯಿತು ಅಂತ ನಾನು ಬಾಯಿ ಮುಚ್ಚಿದೆ.

ಮಾವನ ಮಗಳು ಮೊರ ಕೆಳಗಿಟ್ಟು ನನ್ನ ಎದುರಿಗೆ ಬಂದಳು.

"ಇನ್ನೂ ಐತೆ ಭಾವ. ತೊಟ್ಟಿ ಹತ್ರದ್ದು ಹೇಳಿಲ್ಲ ನೀವು."

ಅವಳ ಅಪ್ಪನಿಗೂ ಅದು ಗೊತ್ತಿರಲಿಲ್ಲ ಅಂತ ಅವನ ಮುಖದಲ್ಲೇ ಕಂಡಿತು. ತಮ್ಮ ನನ್ನ ಹಿಂದೆ ನಿಂತು, "ಹೇಳು" ಅಂದ. ಅವಳ ಮುಂಗೈ ಹಿಡಿದು ಗೋಡೆಗೆ ಒತ್ತಿದ್ದನ್ನು, ಬಳೆ ಒಡೆದದ್ದನ್ನು, ಹಲ್ಲು ಉದುರಿಸುತ್ತೀನಿ ಅಂದದ್ದನ್ನು ಅವಳ ಮುಖ ನೋಡಿಕೊಂಡು ಹೇಳಿದೆ.